ತಲೆಯ ಮೇಲಿನ ಗಾಳಿ ನಿಂತಾಗ

ಮನೆಯೊಳಗಿನ ವಸ್ತುಗಳಲ್ಲಿ ಕೆಟ್ಟ ದಿನ ಮಾತ್ರ ನಾವು ತಲೆಯೆತ್ತಿ ನೋಡುವಂಥದು ಸೀಲಿಂಗ್ ಫ್ಯಾನು. ಅದು ತಿರುಗುತ್ತಿರುವಷ್ಟು ದಿನ ಅದರ ಇರವೇ ನಮಗೆ ಗೊತ್ತಾಗುವುದಿಲ್ಲ. ಏಪ್ರಿಲ್ ತಿಂಗಳ ಒಂದು ರಾತ್ರಿ ಸ್ವಿಚ್ಚು ಒತ್ತಿದರೂ ಅಲುಗದೆ, ದುಂಬಿಯ ಹಾಗೆ ಗುಂಯ್‌ಗುಡುತ್ತ ಅದು ನಿಂತುಬಿಟ್ಟರೆ ಮನೆಮಂದಿಯೆಲ್ಲ ಅದರ ಕೆಳಗೆ ಸೇರುತ್ತಾರೆ. ಒಬ್ಬರು ರೆಗ್ಯುಲೇಟರನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತಾರೆ. ಇನ್ನೊಬ್ಬರು ಪೊರಕೆಯ ಹಿಡಿಯಿಂದ ರೆಕ್ಕೆಯನ್ನು ನೂಕುತ್ತಾರೆ. ಆಶ್ಚರ್ಯವೆಂದರೆ, ಹಾಗೆ ನೂಕಿದಾಗ ಎಷ್ಟೋ ಸಲ ಅದು ತಿರುಗತೊಡಗುತ್ತದೆ. ನೂಕಿದರೆ ತಿರುಗುತ್ತದೆ, ತಾನಾಗಿ ತಿರುಗುವುದಿಲ್ಲ. ಇದೆಂಥ ರೋಗ?

ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೋದರೆ ಎಲೆಕ್ಟ್ರಿಷಿಯನ್ನನ ಚೀಲದಿಂದ ಆರಂಭವಾದ ದಾರಿ ಚರಿತ್ರೆಯೊಳಕ್ಕೆ ಹೊರಳುತ್ತದೆ. ಫ್ಯಾನಿನ ಒಂದೊಂದು ಭಾಗವೂ ಒಂದೊಂದು ಕಾಲದಲ್ಲಿ, ಒಂದೊಂದು ತೊಡಕನ್ನು ಬಿಡಿಸಲು ಹುಟ್ಟಿದ್ದು. ಯಾವ ಭಾಗ ಯಾಕೆ ಬಂತೆಂದು ತಿಳಿದವರಿಗೆ ಅದು ಕೆಟ್ಟಾಗ ಯಾವ ಲಕ್ಷಣ ತೋರುತ್ತದೆ ಎಂಬುದೂ ತಿಳಿಯುತ್ತದೆ. ಅಂಥವರು ಫ್ಯಾನು ನಿಂತರೆ ಸಿಡುಕುವುದಿಲ್ಲ, ಕಾರಣ ಹುಡುಕುತ್ತಾರೆ. ಇದನ್ನು ಹೇಳಲು ಕಾರಣವಿದೆ. ತಲೆಯ ಮೇಲಿನ ಗಾಳಿ ನಿಂತಾಗ ಕಾರಣ ಹುಡುಕದೆ ಮನುಷ್ಯನೊಬ್ಬನನ್ನು ಒದೆಯುತ್ತಿದ್ದ ಕಾಲವೊಂದು ಈ ದೇಶದಲ್ಲಿ ಇತ್ತು.

ಬೀಸುವ ಮಾತು

ಗಾಳಿಗೆ ಸಂಬಂಧಿಸಿದಂತೆ ಕನ್ನಡದ 'ಬೀಸು' ಎಂಬ ಮಾತು ಬಹಳ ದುಡಿಯುತ್ತದೆ. ಗಾಳಿ ಬೀಸುತ್ತದೆ. ಹಿಟ್ಟು ಬೀಸುತ್ತಾರೆ. ಬಲೆ ಬೀಸುತ್ತಾರೆ. ಬೀಸುವ ಸಾಧನ ಬೀಸಣಿಗೆ. ಎಲ್ಲದರಲ್ಲೂ ತೋಳಿನ ಕೆಲಸವೇ ಮುಖ್ಯ. ತಾಳೆಗರಿಯ ಬೀಸಣಿಗೆ, ನೀರು ಚಿಮುಕಿಸಿದರೆ ಘಮ್ಮೆನ್ನುವ ಲಾವಂಚದ ಬೀಸಣಿಗೆ, ದೇವರಿಗೂ ದೊರೆಗೂ ಸಲ್ಲುತ್ತಿದ್ದ ಚಾಮರ ಮತ್ತು ಆಲವಟ್ಟ, ಇವೆಲ್ಲ ನಮ್ಮ ಹಳೆಯ ಪರಿಚಿತರು. ಇವುಗಳಲ್ಲಿ ಬಡವನ ಬೀಸಣಿಗೆಗೂ ದೊರೆಯ ಚಾಮರಕ್ಕೂ ಇದ್ದ ವ್ಯತ್ಯಾಸ ಒಂದೇ. ಬಡವ ತಾನೇ ಬೀಸಿಕೊಳ್ಳುತ್ತಿದ್ದ. ದೊರೆಗೆ ಬೇರೆಯವರು ಬೀಸುತ್ತಿದ್ದರು.

ಈ ಎರಡನೆಯ ಪದ್ಧತಿಯನ್ನು ಕಚೇರಿ, ಕೋರ್ಟು, ಬಂಗಲೆಗಳಿಗೆಲ್ಲ ಹರಡಿದ್ದು ಕಂಪನಿ ಸರಕಾರದ ಕಾಲ. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ಅದಕ್ಕೆ ಜಾಲರಿಯಂಥ ಅಂಚು ಹೊಲಿದು, ಚಾವಣಿಯಿಂದ ತೂಗುಬಿಟ್ಟರೆ ಅದೇ ಪಂಖ. ಈ ಹೆಸರು ಉತ್ತರದಿಂದ ಬಂದದ್ದು, ರೆಕ್ಕೆ ಎಂಬ ಅರ್ಥದ ಮಾತಿನ ಬಳಗಕ್ಕೆ ಸೇರಿದ್ದು. ಕನ್ನಡದಲ್ಲಿ ಮಹಾಪ್ರಾಣ ತಪ್ಪಿದರೆ 'ಪಂಕ' ಎಂದಾಗಿ ಕೆಸರಿಗೆ ಬೀಳಬೇಕಾಗುತ್ತದೆ! ಹಗ್ಗ ಕಟ್ಟಿ ಎಳೆಯುವ ತೂಗುಪಂಖ ಅರಬ್ಬರ ನಾಡಿನಲ್ಲಿ ಬಹು ಹಿಂದೆಯೇ ಇತ್ತೆಂದು 1886ರಲ್ಲಿ ಪ್ರಕಟವಾದ 'ಹಾಬ್ಸನ್-ಜಾಬ್ಸನ್' ಎಂಬ ಪ್ರಸಿದ್ಧ ಆಂಗ್ಲೋ-ಇಂಡಿಯನ್ ನಿಘಂಟು ಹೇಳುತ್ತದೆ. ಭಾರತದಲ್ಲಿ ಅದು ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಬ್ರಿಟಿಷರ ಮನೆಗಳಲ್ಲಿ ರೂಢಿಗೆ ಬಂದು, ಮುಂದಿನ ನೂರು ವರ್ಷ ಅವರ ಬೇಸಿಗೆಯ ಆಧಾರವಾಯಿತು.

ಹಗ್ಗದ ಆಚೆ ತುದಿಯ ಮನುಷ್ಯ

ಪಂಖದ ಹಗ್ಗ ಗೋಡೆಯ ತೂತಿನ ಮೂಲಕ ಅಥವಾ ರಾಟೆಯ ಮೇಲಿಂದ ಜಗಲಿಗೆ ಹೋಗುತ್ತಿತ್ತು. ಅಲ್ಲಿ ಅದನ್ನು ಎಳೆಯುವವನು ಕುಳಿತಿರುತ್ತಿದ್ದ. ಒಳಗಿದ್ದವರಿಗೆ ಗಾಳಿ ಬರುತ್ತಿತ್ತು, ಗಾಳಿ ಬೀಸುವವನು ಕಾಣುತ್ತಿರಲಿಲ್ಲ. ಪಂಖ ಎಳೆಯುವವನಿಗೆ ಮಾತ್ರ ಗಾಳಿಯಿಲ್ಲ. ಕಚೇರಿಯ ಸಿಬ್ಬಂದಿಯಲ್ಲಿ ತೀರ ಕಡಿಮೆ ಸಂಬಳದ ಕೆಲಸಗಳಲ್ಲಿ ಇದೂ ಒಂದು. ಹಗಲೆಲ್ಲ ಎಳೆದು, ರಾತ್ರಿ ಮಲಗುವ ಕೋಣೆಯ ಪಂಖವನ್ನೂ ಎಳೆಯಬೇಕಾದಾಗ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು, ಅಡ್ಡಾಗಿ ಕಾಲಾಡಿಸುತ್ತಲೇ ಇರುವವರೂ ಇದ್ದರು.

ನಿದ್ದೆ ಯಾರನ್ನು ಬಿಟ್ಟೀತು? ತೂಕಡಿಕೆ ಬಂದು ಕೈ ನಿಂತರೆ ಒಳಗಿನ ಸೆಕೆಗೆ ಸಾಹೇಬನಿಗೆ ಎಚ್ಚರವಾಗುತ್ತಿತ್ತು. ಆಮೇಲೆ ಜಗಲಿಗೆ ಬಂದು ಒದೆಯುವುದು ಸಾಮಾನ್ಯ ಸಂಗತಿಯಾಗಿತ್ತು. ಹಾಗೆ ಒದೆ ತಿಂದು ಸತ್ತ ಪಂಖದವರ ಪ್ರಕರಣಗಳು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಕೋರ್ಟಿನ ಕಡತಗಳಲ್ಲಿ, ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಆರೋಪಿಯ ಪರ ಹೂಡುತ್ತಿದ್ದ ವಾದವೂ ಮತ್ತೆ ಮತ್ತೆ ಅದೇ. ಸತ್ತವನಿಗೆ ಮಲೇರಿಯಾದಿಂದ ಗುಲ್ಮ ಊದಿಕೊಂಡಿತ್ತು, ಸಣ್ಣ ಪೆಟ್ಟಿಗೇ ಅದು ಒಡೆಯಿತು, ಕೊಲ್ಲುವ ಉದ್ದೇಶವಿರಲಿಲ್ಲ. ಅನೇಕರು ಸಣ್ಣ ದಂಡ ತೆತ್ತು ಅಥವಾ ಅದನ್ನೂ ತೆರದೆ ಮನೆಗೆ ಹೋದರು. ಪೆಟ್ಟು ತಿಂದವನ ಗುಲ್ಮವನ್ನೇ ತಪ್ಪಿತಸ್ಥನನ್ನಾಗಿ ಮಾಡುವ ನ್ಯಾಯವಿದು. ಬಿಳಿಯರು ನಡೆಸುವ ಇಂಥ ಹಲ್ಲೆಗಳಿಗೆ ತಕ್ಕ ಶಿಕ್ಷೆಯಾಗದಿರುವುದು 1899ರಿಂದ 1905ರವರೆಗೆ ವೈಸರಾಯ್ ಆಗಿದ್ದ ಲಾರ್ಡ್ ಕರ್ಜನ್‌ಗೇ ಸರಿಕಾಣಲಿಲ್ಲ. ಇ. ಎಂ. ಫಾರ್ಸ್ಟರ್ 1924ರಲ್ಲಿ ಪ್ರಕಟಿಸಿದ 'ಎ ಪ್ಯಾಸೇಜ್ ಟು ಇಂಡಿಯಾ' ಕಾದಂಬರಿಯ ನ್ಯಾಯಾಲಯದ ದೃಶ್ಯದಲ್ಲಿ ಪಂಖ ಎಳೆಯುವವನೊಬ್ಬ ಬರುತ್ತಾನೆ. ಸುತ್ತ ಏನು ನಡೆಯುತ್ತಿದೆ ಎಂಬ ಗೊಡವೆಯಿಲ್ಲದೆ ಅವನು ಹಗ್ಗ ಎಳೆಯುತ್ತಲೇ ಇರುತ್ತಾನೆ.

ಮನುಷ್ಯನ ಬದಲು ಉಗಿ ಎಂಜಿನ್ನಿನಿಂದ ಪಂಖ ಎಳೆಸುವ ಪ್ರಯತ್ನಗಳೂ ನಡೆದವು. ಆದರೆ ಪಂಖದ ಮೂಲಭೂತ ಕೊರತೆ ಅದರ ಚಲನೆಯಲ್ಲೇ ಇತ್ತು. ಅದು ಹೋಗಿ ಬರುವ ಯಂತ್ರ. ಪ್ರತಿ ಸಲವೂ ನಿಂತು, ತಿರುಗಿ, ಮತ್ತೆ ಹೊರಡಬೇಕು. ಅದರ ಬದಲು ಒಂದೇ ದಿಕ್ಕಿಗೆ ಸುತ್ತುವ ರೆಕ್ಕೆ ಬಂದದ್ದು ಬೇರೊಂದು ನಾಡಿನಿಂದ.

ಹೊಲಿಗೆ ಯಂತ್ರದಿಂದ ಚಾವಣಿಗೆ

ಅಮೆರಿಕದಲ್ಲಿ 1860-70ರ ದಶಕಗಳಲ್ಲೇ ಚಾವಣಿಯ ಫ್ಯಾನುಗಳು ಇದ್ದವು. ಅವಕ್ಕೆ ವಿದ್ಯುತ್ತಿನ ಹಂಗಿರಲಿಲ್ಲ. ಹರಿಯುವ ನೀರೋ ಉಗಿಯೋ ಒಂದು ಚಕ್ರವನ್ನು ತಿರುಗಿಸುತ್ತಿತ್ತು. ಉದ್ದನೆಯ ಬೆಲ್ಟುಗಳು ಆ ಚಲನೆಯನ್ನು ಸಾಲಾಗಿ ತೂಗುಹಾಕಿದ ಫ್ಯಾನುಗಳಿಗೆ ಮುಟ್ಟಿಸುತ್ತಿದ್ದವು. ಒಂದು ಬೆಲ್ಟು ಹರಿದರೆ ಇಡೀ ಹೋಟೆಲಿನ ಗಾಳಿ ನಿಲ್ಲುತ್ತಿತ್ತು. 1880ರ ದಶಕದಲ್ಲಿ ಫಿಲಿಪ್ ಡೀಲ್ ಎಂಬ ಜರ್ಮನ್ ಮೂಲದ ಕುಶಲಕರ್ಮಿ ಈ ಬೆಲ್ಟುಗಳನ್ನು ಕಿತ್ತುಹಾಕಿದ. ಸಿಂಗರ್ ಹೊಲಿಗೆ ಯಂತ್ರದ ಕಂಪನಿಯಲ್ಲಿ ದುಡಿಯುತ್ತಿದ್ದ ಅವನು ಹೊಲಿಗೆ ಯಂತ್ರಕ್ಕೆಂದು ಸಣ್ಣ ವಿದ್ಯುತ್ ಮೋಟಾರೊಂದನ್ನು ರೂಪಿಸಿದ್ದ. ಅದೇ ಮೋಟಾರಿಗೆ ರೆಕ್ಕೆ ಕಟ್ಟಿ ಚಾವಣಿಗೆ ತೂಗುಹಾಕಿದ. ಪ್ರತಿ ಫ್ಯಾನಿಗೂ ಅದರದೇ ಮೋಟಾರು ಸಿಕ್ಕಿತು. ಹೊಲಿಗೆ ಯಂತ್ರಕ್ಕೂ ಫ್ಯಾನಿಗೂ ಇರುವ ಈ ನಂಟು ನಮ್ಮ ದೇಶದಲ್ಲೂ ಮರುಕಳಿಸಿತು. ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ವರ್ಕ್ಸ್ 1930ರ ದಶಕದಲ್ಲಿ 'ಉಷಾ' ಹೊಲಿಗೆ ಯಂತ್ರದಿಂದ ಹೆಸರು ಮಾಡಿ, ಆಮೇಲೆ ಅದೇ ಹೆಸರಿನಲ್ಲಿ ಫ್ಯಾನುಗಳನ್ನೂ ತಯಾರಿಸಿತು.

ಫ್ಯಾನು ಬರಬೇಕಾದರೆ ಮೊದಲು ಕರೆಂಟು ಬರಬೇಕು. ಕಲ್ಕತ್ತೆಯಲ್ಲಿ ವಿದ್ಯುತ್ ಸರಬರಾಜು 1899ರಲ್ಲಿ ಆರಂಭವಾಯಿತು. ನಮ್ಮಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುದಾಗಾರ ಕಾವೇರಿಯ ನೀರಿನಿಂದ ಉತ್ಪಾದಿಸಿದ ಶಕ್ತಿಯನ್ನು ಸುಮಾರು 92 ಮೈಲಿ ದೂರದ ಕೋಲಾರ ಚಿನ್ನದ ಗಣಿಗಳಿಗೆ ಕಳಿಸಿತು. ಬೆಂಗಳೂರಿಗೆ 1905ರಲ್ಲಿ ವಿದ್ಯುದ್ದೀಪ ಬಂತು. ಹೀಗೆ ಕರೆಂಟು ಬೇಗ ಬಂದರೂ ಬೆಂಗಳೂರಿಗೆ ಫ್ಯಾನಿನ ಅಗತ್ಯ ಅಷ್ಟಾಗಿ ಕಾಣಲಿಲ್ಲ. ಫ್ಯಾನಿಲ್ಲದೆ ಬೇಸಿಗೆ ಕಳೆಯಬಹುದಾದ ಊರೆಂದೇ ಅದು ಬಹುಕಾಲ ಹೆಸರಾಗಿತ್ತು. ರಾಯಚೂರು, ಕಲಬುರಗಿ, ಬಳ್ಳಾರಿಯ ಬಿಸಿಲಿಗೆ, ಮಂಗಳೂರು, ಕಾರವಾರದ ಬೆವರಿಗೆ ಫ್ಯಾನು ನಿಜವಾಗಿ ಬೇಕಿತ್ತು. ಆದರೆ ಅಲ್ಲಿನ ಹಳ್ಳಿಗಳಿಗೆ ವಿದ್ಯುತ್ ಕಂಬ ಬಂದದ್ದು ಬಹಳ ತಡವಾಗಿ. ಬಂದ ಮೇಲೂ ಬಡವರ ಮನೆಗೆ ಭಾಗ್ಯಜ್ಯೋತಿಯಲ್ಲಿ ಸಿಕ್ಕಿದ್ದು ಒಂದು ಬಲ್ಬು. ಎಷ್ಟೋ ಮನೆಗಳಲ್ಲಿ ಫ್ಯಾನು ಬಂದದ್ದು ಅದಾದ ಒಂದು ತಲೆಮಾರಿನ ಮೇಲೆ. ಅಂಥ ಮನೆಯಲ್ಲಿ ಫ್ಯಾನು ಕೆಟ್ಟರೆ ಅದು ಸಣ್ಣ ಸಂಗತಿಯಲ್ಲ.

ಬೀಸುವ ಕಲ್ಲಿಗೆ ಎರಡನೆಯ ಕೈ

ಡೀಲ್‌ನ ಕಾಲದ ಮೋಟಾರುಗಳು ಒಂದೇ ದಿಕ್ಕಿಗೆ ಹರಿಯುವ ಕರೆಂಟಿನವು. ಅವಕ್ಕೆ ಇಂಗಾಲದ ಬ್ರಷ್‌ಗಳು ಬೇಕು. ಉಜ್ಜಿ ಉಜ್ಜಿ ಸವೆಯುವ ಆ ಬ್ರಷ್‌ಗಳೇ ಅವುಗಳ ರೋಗದ ಮೂಲ. ಈಗ ನಮ್ಮ ಮನೆಗೆ ಬರುವುದು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಲಾಡುವ ಎ.ಸಿ. ಕರೆಂಟು. ಇದಕ್ಕೆ ಹೊಂದುವ, ಬ್ರಷ್ ಬೇಡದ ಇಂಡಕ್ಷನ್ ಮೋಟಾರನ್ನು 1880ರ ದಶಕದಲ್ಲಿ ಇಟಲಿಯ ಗೆಲಿಲಿಯೊ ಫೆರಾರಿಸ್, ಅಮೆರಿಕದಲ್ಲಿ ನೆಲೆಸಿದ ನಿಕೊಲಾ ಟೆಸ್ಲಾ ಬೇರೆ ಬೇರೆಯಾಗಿ ಕಂಡುಹಿಡಿದರು. ನಮ್ಮ ಸಾಮಾನ್ಯ ಸೀಲಿಂಗ್ ಫ್ಯಾನಿನ ಒಳಗಿರುವುದು ಅದೇ ಕುಲದ ಮೋಟಾರು. ಮೇಜಿನ ಫ್ಯಾನಿನಲ್ಲಿ ಮೋಟಾರಿನ ಒಳಭಾಗ ತಿರುಗಿದರೆ ಇಲ್ಲಿ ಹೊರಭಾಗ ತಿರುಗುತ್ತದೆ. ತಂತಿ ಸುತ್ತಿದ ಒಳಭಾಗ ಕೊಳವೆಗೆ ಅಂಟಿಕೊಂಡು ಸುಮ್ಮನಿರುತ್ತದೆ. ರೆಕ್ಕೆ ಹೊತ್ತ ಹೊರಗಿನ ಬಟ್ಟಲು ಅದರ ಸುತ್ತ ತಿರುಗುತ್ತದೆ.

ಇದಕ್ಕೆ ಒಳ್ಳೆಯ ಹೋಲಿಕೆ ನಮ್ಮ ಬೀಸುವ ಕಲ್ಲು. ಅದರಲ್ಲೂ ಒಂದು ಕಲ್ಲು ಕದಲುವುದಿಲ್ಲ, ಇನ್ನೊಂದು ತಿರುಗುತ್ತದೆ. ಈಗ ಒಬ್ಬಳು ಹಿಡಿಗೂಟವನ್ನು ಸುತ್ತ ಒಯ್ಯದೆ, ನೇರವಾಗಿ ಮುಂದೆ ಹಿಂದೆ ಮಾತ್ರ ತಳ್ಳುತ್ತಾಳೆ ಎಂದು ಊಹಿಸಿಕೊಳ್ಳಿ. ಗೂಟ ಆ ಗೆರೆಯ ತುದಿಯಲ್ಲಿದ್ದರೆ ಕಲ್ಲು ಅಲುಗುತ್ತದೆ, ತಿರುಗುವುದಿಲ್ಲ. ಯಾವ ಕಡೆಗೆ ತಿರುಗಬೇಕೆಂದು ಅದಕ್ಕೆ ಹೇಳುವವರಿಲ್ಲ. ಪಕ್ಕಕ್ಕೆ ಕುಳಿತ ಇನ್ನೊಬ್ಬಳು, ಮೊದಲನೆಯವಳ ಬಲ ಕುಗ್ಗುವ ಹೊತ್ತಿಗೆ ಸರಿಯಾಗಿ ಅಡ್ಡದಿಂದ ತಳ್ಳಿದರೆ ಕಲ್ಲು ಸಲೀಸಾಗಿ ಸುತ್ತುತ್ತದೆ. ಮನೆಯ ಒಂಟಿ ಫೇಸಿನ ಕರೆಂಟು ಮೊದಲನೆಯ ಹೆಂಗಸಿನ ಹಾಗೆ. ಮುಂದೆ ಹಿಂದೆ ತಳ್ಳುವುದಷ್ಟೇ ಅದಕ್ಕೆ ಗೊತ್ತು. ಆದ್ದರಿಂದ ಫ್ಯಾನಿನೊಳಗೆ ಎರಡು ಸುರುಳಿಗಳನ್ನು ಸುತ್ತಿ, ಎರಡನೆಯದಕ್ಕೆ ಹೋಗುವ ಕರೆಂಟಿನ ಹೊತ್ತನ್ನು ಸ್ವಲ್ಪ ಬದಲಿಸುತ್ತಾರೆ. ಆ ಹೊತ್ತು ಬದಲಿಸುವ ಪುಟ್ಟ ಡಬ್ಬಿಯೇ ಕೆಪಾಸಿಟರ್.

ನಮ್ಮ ಎಲೆಕ್ಟ್ರಿಷಿಯನ್ನರು ಇದನ್ನು ಈಗಲೂ 'ಕಂಡೆನ್ಸರ್' ಎನ್ನುತ್ತಾರೆ. ಇದು ತಪ್ಪಲ್ಲ, ಹಳೆಯ ಹೆಸರು. ವಿದ್ಯುತ್ತನ್ನು ಕೂಡಿಡುವ ಈ ಜಾತಿಯ ಮೊದಲ ಸಾಧನ 1745-46ರ ಲೈಡನ್ ಜಾಡಿ. ಅದಕ್ಕೆ 'ಕಂಡೆನ್ಸರ್' ಎಂಬ ಅರ್ಥದ ಹೆಸರನ್ನು ಬಳಕೆಗೆ ತಂದವನು ಇಟಲಿಯ ವೋಲ್ಟಾ, 1782ರಲ್ಲಿ. ಪಠ್ಯಪುಸ್ತಕಗಳು ಕೆಪಾಸಿಟರ್ ಎಂದು ಬದಲಾಯಿಸಿಕೊಂಡ ಮೇಲೂ ವೋಲ್ಟಾನ ಮಾತು ನಮ್ಮ ಬೀದಿಯ ಅಂಗಡಿಗಳಲ್ಲಿ ಉಳಿದುಕೊಂಡಿದೆ.

ಸದ್ದಿದೆ, ಸುತ್ತಿಲ್ಲ

ಈಗ ಪೊರಕೆಯ ಹಿಡಿಗೆ ಮರಳೋಣ. ಫ್ಯಾನು ಗುಂಯ್‌ಗುಡುತ್ತದೆ ಎಂದರೆ ಕರೆಂಟು ಅದರೊಳಕ್ಕೆ ಬಂದಿದೆ. ತಿರುಗುತ್ತಿಲ್ಲ ಎಂದರೆ ಎರಡನೆಯ ಕೈ ಸೋತಿದೆ, ಅಥವಾ ಗೂಟವೇ ಬಿಗಿದುಕೊಂಡಿದೆ. ಪೊರಕೆಯಿಂದ ನೂಕಿದಾಗ ನಾವು ಮಾಡುವುದು ಕಂಡೆನ್ಸರಿನ ಕೆಲಸವನ್ನೇ. ಒಮ್ಮೆ ಒಂದು ದಿಕ್ಕಿಗೆ ಹೊರಟರೆ ಒಂದು ಸುರುಳಿಯ ಬಲದಲ್ಲೇ ಅದು ಹೇಗೋ ತಿರುಗುತ್ತಿರುತ್ತದೆ. ಆದರೆ ಇದನ್ನು ರೂಢಿ ಮಾಡಿಕೊಳ್ಳಬಾರದು. ತಿರುಗದೆ ಗುಂಯ್‌ಗುಡುವ ಫ್ಯಾನಿನ ಸುರುಳಿಗಳು ಕಾಯುತ್ತಿರುತ್ತವೆ. ಹೆಚ್ಚು ಹೊತ್ತು ಬಿಟ್ಟರೆ ಸಣ್ಣ ರಿಪೇರಿ ದೊಡ್ಡದಾಗುತ್ತದೆ. ಕೂಡಲೇ ಸ್ವಿಚ್ಚು ಆರಿಸಬೇಕು.

ಆರಿಸಿದ ಮೇಲೆ ಒಂದು ಸರಳ ಪರೀಕ್ಷೆ ಮಾಡಬಹುದು. ಮೇನ್ ಸ್ವಿಚ್ಚನ್ನೂ ಆರಿಸಿ, ಅಲುಗಾಡದ ಸ್ಟೂಲಿನ ಮೇಲೆ ನಿಂತು, ರೆಕ್ಕೆಯನ್ನು ಬೆರಳಿನಿಂದ ಮೆಲ್ಲಗೆ ತಳ್ಳಿ. ಸರಾಗವಾಗಿ ಹಲವು ಸುತ್ತು ತಿರುಗಿ ನಿಧಾನವಾಗಿ ನಿಂತರೆ ಬೇರಿಂಗು ಚೆನ್ನಾಗಿದೆ, ಅನುಮಾನ ಕಂಡೆನ್ಸರಿನ ಮೇಲೆ. ತಳ್ಳಿದರೂ ತಡೆದಂತಾಗಿ ಅರ್ಧ ಸುತ್ತಿಗೇ ನಿಂತರೆ ಅನುಮಾನ ಬೇರಿಂಗಿನ ಮೇಲೆ. ಹಳೆಯ ಫ್ಯಾನುಗಳ ಬುಷ್‌ಗೆ ಎಣ್ಣೆ ಬಿಡುತ್ತಿದ್ದರು. ಈಗಿನ ಮುಚ್ಚಿದ ಬೇರಿಂಗಿಗೆ ಮೇಲಿನಿಂದ ಅಡುಗೆ ಎಣ್ಣೆ ಸುರಿದರೆ ಧೂಳು ಅಂಟುತ್ತದೆಯೇ ಹೊರತು ಗುಣವಾಗುವುದಿಲ್ಲ.

ಕಂಡೆನ್ಸರ್ ಬದಲಿಸುವುದು ಕಡಿಮೆ ಖರ್ಚಿನ ಕೆಲಸ. ಸಾಮಾನ್ಯವಾಗಿ 48 ಅಂಗುಲದ ಫ್ಯಾನಿಗೆ 2.5 ಮೈಕ್ರೊಫ್ಯಾರಡ್‌ನದು ಇರುತ್ತದೆ. ಹಳೆಯದರ ಮೇಲೆ ಬರೆದ ಅಂಕಿಯನ್ನೇ ನೋಡಿ ತರಬೇಕು. ಹೆಚ್ಚಿನದನ್ನು ಹಾಕಿದರೆ ಫ್ಯಾನು ಜೋರಾಗಿ ತಿರುಗುತ್ತದೆ ಎಂದು ಕೆಲವರು ಹಾಕಿಸುತ್ತಾರೆ. ಸುರುಳಿಗೆ ಮಿತಿಮೀರಿದ ಕರೆಂಟು ಹೋಗಿ ಅದು ಕಾಯುತ್ತದೆ, ಆಯುಷ್ಯ ತಗ್ಗುತ್ತದೆ. ಕರೆಂಟು ಆರಿಸಿದ ಮೇಲೂ ಕಂಡೆನ್ಸರಿನಲ್ಲಿ ವಿದ್ಯುತ್ತು ಉಳಿದಿರಬಹುದು. ಆದ್ದರಿಂದ ಇದನ್ನು ಬಲ್ಲವರಿಂದ ಮಾಡಿಸುವುದೇ ಲೇಸು. ಬದಲಿಸಿದ ಮೇಲೆ ಫ್ಯಾನು ತಿರುಗುತ್ತದೆ, ಆದರೆ ಗಾಳಿ ಕೆಳಗೆ ಬರುವುದಿಲ್ಲ ಎಂದಾದರೆ ಗಾಬರಿ ಬೇಡ. ತಂತಿ ಅದಲುಬದಲಾಗಿ ಅದು ಉಲ್ಟಾ ಸುತ್ತುತ್ತಿದೆ, ಅಷ್ಟೇ.

ಸದ್ದೂ ಇಲ್ಲ, ಸುತ್ತೂ ಇಲ್ಲ ಎಂದಾದರೆ ಕರೆಂಟು ಫ್ಯಾನಿಗೆ ತಲುಪಿಲ್ಲವೆಂದು ಮೊದಲು ತಿಳಿಯಬೇಕು. ಅದೇ ಕೋಣೆಯ ದೀಪ ಉರಿಯುತ್ತಿದೆಯೇ ನೋಡಿ. ಉರಿಯುತ್ತಿದ್ದರೆ ಸ್ವಿಚ್ಚು, ರೆಗ್ಯುಲೇಟರು, ಮೇಲಿನ ತಂತಿಯ ಜೋಡಣೆ, ಈ ಮೂರನ್ನೂ ಕ್ರಮವಾಗಿ ಪರೀಕ್ಷಿಸಬೇಕು. ಐದರಲ್ಲಿಟ್ಟರೆ ತಿರುಗಿ, ಕಡಿಮೆ ಅಂಕಿಗಳಲ್ಲಿ ನಿಲ್ಲುವ ಫ್ಯಾನಿನ ದೋಷ ಬಹುಮಟ್ಟಿಗೆ ರೆಗ್ಯುಲೇಟರಿನದು. ಸುಟ್ಟ ವಾಸನೆ ಬಂದರೆ, ಸ್ವಿಚ್ಚು ಮುಟ್ಟಿದಾಗ ಚುರುಕ್ಕೆಂದರೆ ಪರೀಕ್ಷೆಗೆ ಇಳಿಯದೆ ಮೇನ್ ಆರಿಸಿ ಎಲೆಕ್ಟ್ರಿಷಿಯನ್ನನಿಗೆ ಹೇಳಿಕಳಿಸಬೇಕು.

ನಿಧಾನ, ಸದ್ದು, ತೂಗಾಟ

ಇನ್ನೊಂದು ಸಾಮಾನ್ಯ ದೂರು, ಫ್ಯಾನು ಮೊದಲಿನಂತೆ ಜೋರಾಗಿ ತಿರುಗುವುದಿಲ್ಲ ಎಂಬುದು. ಇದಕ್ಕೂ ಬಹಳ ಸಲ ಕಂಡೆನ್ಸರೇ ಕಾರಣ. ಈಗಿನ ಕಂಡೆನ್ಸರಿನಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯ ಮೇಲೆ ಅದಕ್ಕಿಂತ ತೆಳುವಾದ ಲೋಹದ ಲೇಪವಿರುತ್ತದೆ. ಎಲ್ಲಾದರೂ ಸೂಜಿಮೊನೆಯಷ್ಟು ತೂತಾದರೆ ಸುತ್ತಲಿನ ಲೋಹ ಆವಿಯಾಗಿ ಗಾಯ ತಾನೇ ಮಾಯುತ್ತದೆ. ಆದರೆ ಪ್ರತಿ ಗಾಯದೊಂದಿಗೆ ಅದರ ಶಕ್ತಿ ಕೂದಲೆಳೆಯಷ್ಟು ಕುಂದುತ್ತದೆ. ವರ್ಷಗಳು ಕಳೆದಂತೆ ಎರಡೂವರೆ ಇದ್ದದ್ದು ಎರಡಾಗಿ, ಒಂದೂವರೆಯಾಗುತ್ತದೆ. ಫ್ಯಾನು ಒಂದೇ ದಿನ ಕೆಡುವುದಿಲ್ಲ, ಮುದಿಯಾಗುತ್ತದೆ.

ಎಲ್ಲ ತಪ್ಪೂ ಫ್ಯಾನಿನದೇ ಎಂದು ಹೇಳುವಂತಿಲ್ಲ. ಸಂಜೆ ಏಳರಿಂದ ಹತ್ತರವರೆಗೆ ಮಾತ್ರ ನಿಧಾನವಾಗಿ ತಿರುಗಿ ನಡುರಾತ್ರಿ ಜೋರಾಗುವ ಫ್ಯಾನಿಗೆ ರೋಗವಿಲ್ಲ. ರೋಗ ವಿದ್ಯುತ್ ಲೈನಿನದು. ಈ ಮೋಟಾರಿನ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟ್ ಇರಬೇಕಾದಲ್ಲಿ 160 ಇದ್ದರೆ ಬಲ ಅರ್ಧಕ್ಕೂ ಕಡಿಮೆ. ಲೈನಿನ ಕೊನೆಯಲ್ಲಿರುವ ಹಳ್ಳಿಯ ಮನೆಯವರು ಕಂಡೆನ್ಸರ್ ಮೇಲೆ ಕಂಡೆನ್ಸರ್ ಬದಲಿಸಿ ಕೈಸುಟ್ಟುಕೊಳ್ಳುವ ಮೊದಲು ನೆರೆಮನೆಯ ಫ್ಯಾನನ್ನೂ ಒಮ್ಮೆ ನೋಡಿ ಬರಬೇಕು. ಅದೂ ತೆವಳುತ್ತಿದ್ದರೆ ಹೋಗಬೇಕಾದದ್ದು ವಿದ್ಯುತ್ ಕಚೇರಿಗೆ.

ಜೋರಾಗಿ ಗಾಳಿ ಕಡೆಯುವ ರೆಕ್ಕೆಯ ಮೇಲೆ ಧೂಳು ಹೇಗೆ ಕೂರುತ್ತದೆ ಎಂಬುದು ಮಕ್ಕಳು ಕೇಳುವ ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಅಡಿಪಾಯ ಹಾಕಿದವನು ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್, 1904ರಲ್ಲಿ. ಚಲಿಸುವ ವಸ್ತುವಿನ ಮೈಗೆ ತಾಗಿದ ತೆಳುವಾದ ಗಾಳಿಯ ಪದರ ಆ ವಸ್ತುವಿನ ಜೊತೆಯಲ್ಲೇ ಸಾಗುತ್ತದೆ. ಆ ಪದರದೊಳಗೆ ಸಿಕ್ಕಿ ರೆಕ್ಕೆಗೆ ಅಂಟಿದ ಧೂಳನ್ನು ಹಾರಿಸಲು ಅಲ್ಲಿ ಗಾಳಿಯೇ ಇಲ್ಲ. ಗಾಳಿಯನ್ನು ಸೀಳುವ ಮುಂದಿನ ಅಂಚಿನಲ್ಲಿ ಧೂಳು ಹೆಚ್ಚು. ಅದನ್ನು ಒರೆಸುವಾಗ ರೆಕ್ಕೆಯನ್ನು ಒತ್ತಿ ಬಗ್ಗಿಸಬಾರದು. ಒಂದು ರೆಕ್ಕೆ ಬಗ್ಗಿದರೂ ಫ್ಯಾನು ತೂಗಾಡತೊಡಗುತ್ತದೆ.

ತೂಗಾಟವನ್ನು ಕಡೆಗಣಿಸಬಾರದು. ಪ್ರತಿ ರೆಕ್ಕೆಯ ತುದಿ ಒಂದೇ ಜಾಗಕ್ಕೆ ಬಂದಾಗ ಚಾವಣಿಯಿಂದ ಎಷ್ಟು ದೂರವಿದೆ ಎಂದು ಕೋಲು ಹಿಡಿದು ಅಳೆದರೆ ಬಗ್ಗಿದ್ದು ಯಾವುದೆಂದು ಗೊತ್ತಾಗುತ್ತದೆ. ರೆಕ್ಕೆಯ ತಿರುಪುಗಳು ಸಡಿಲವಾಗಿದ್ದರೂ ಹೀಗಾಗುತ್ತದೆ. ಟಕ್ ಟಕ್ ಎಂಬ ಸದ್ದು ಸಡಿಲ ತಿರುಪಿನದೋ ಮೇಲಿನ ಮುಚ್ಚಳ ಕೊಳವೆಗೆ ತಾಗುತ್ತಿರುವುದೋ ಇರಬಹುದು. ಕರಕರ ಸದ್ದು ಬೇರಿಂಗಿನದು. ಎಲ್ಲಕ್ಕಿಂತ ಮುಖ್ಯವಾದದ್ದು ಚಾವಣಿಯ ಕೊಕ್ಕೆ, ಅದಕ್ಕೆ ಫ್ಯಾನನ್ನು ಕಟ್ಟಿಹಾಕಿದ ಬೋಲ್ಟು, ರಬ್ಬರು, ಬೋಲ್ಟು ಕಳಚದಂತೆ ತಡೆಯುವ ಸೀಳುಪಿನ್ನು. ರಬ್ಬರು ಸವೆದು, ಪಿನ್ನು ಮುರಿದಿದ್ದರೆ ನಾಲ್ಕೈದು ಕಿಲೋ ತೂಕದ ಯಂತ್ರ ತೊಟ್ಟಿಲ ಮೇಲೆ ನೇತಾಡುತ್ತಿದೆ ಎಂದು ತಿಳಿಯಬೇಕು. ವರ್ಷಕ್ಕೊಮ್ಮೆ, ಬೇಸಿಗೆಗೆ ಮುನ್ನ, ಮೇಲಿನ ಮುಚ್ಚಳ ಇಳಿಸಿ ಇವನ್ನು ನೋಡಿಸುವುದು ಯುಗಾದಿಯ ಮನೆ ಶುಚಿಯ ಜೊತೆಗೇ ಆಗಬಹುದಾದ ಕೆಲಸ.

ವೈಂಡಿಂಗ್ ಅಂಗಡಿ

ಫ್ಯಾನಿನ ಸುರುಳಿಯೇ ಸುಟ್ಟುಹೋದರೆ ಅದನ್ನು ಒಯ್ಯುವ ಜಾಗ ನಮ್ಮ ಪ್ರತಿ ತಾಲ್ಲೂಕು ಪೇಟೆಯಲ್ಲೂ ಇದೆ: ಮೋಟಾರ್ ರೀವೈಂಡಿಂಗ್ ಅಂಗಡಿ. ಈ ಅಂಗಡಿಗಳನ್ನು ಬದುಕಿಸಿರುವುದು ಮುಖ್ಯವಾಗಿ ರೈತರ ಪಂಪ್‌ಸೆಟ್ಟುಗಳು. ಅವುಗಳ ನಡುವೆ ಫ್ಯಾನೂ ಸರದಿ ಕಾಯುತ್ತದೆ. ಸುಟ್ಟ ಸುರುಳಿಯನ್ನು ಸುಮ್ಮನೆ ಕಿತ್ತೆಸೆಯುವುದಿಲ್ಲ. ಅದರಲ್ಲಿ ಎಷ್ಟು ಸುತ್ತುಗಳಿದ್ದವು ಎಂದು ಎಣಿಸುತ್ತಾರೆ, ತಂತಿಯ ದಪ್ಪ ಅಳೆಯುತ್ತಾರೆ, ಎರಡು ಸುರುಳಿಗಳಲ್ಲಿ ಯಾವುದು ಯಾವ ಜಾಗದಲ್ಲಿತ್ತು ಎಂದು ಗುರುತು ಹಾಕಿಕೊಳ್ಳುತ್ತಾರೆ. ಆಮೇಲೆ ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಾಕಿ ಒಣಗಿಸುತ್ತಾರೆ. ಫೆರಾರಿಸ್, ಟೆಸ್ಲಾರ ಹೆಸರು ಕೇಳದವರೂ ಅವರ ತತ್ವವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿರುತ್ತಾರೆ. ಇದು ಶಾಲೆಯಲ್ಲಿ ಕಲಿತ ವಿದ್ಯೆಗಿಂತ ಹೆಚ್ಚಾಗಿ ಗುರುವಿನ ಪಕ್ಕದಲ್ಲಿ ಕುಳಿತು ಕಲಿತದ್ದು.

ಈ ವಿದ್ಯೆಯ ಮುಂದಿರುವ ಸವಾಲು ಈಚಿನದು. ಸಾಮಾನ್ಯ ಫ್ಯಾನು ಸುಮಾರು 75 ವಾಟ್ ಕರೆಂಟು ತಿಂದರೆ, ಈಗ ಬಂದಿರುವ ಬಿಎಲ್‌ಡಿಸಿ ಫ್ಯಾನಿಗೆ 30 ವಾಟ್ ಆಸುಪಾಸು ಸಾಕು. ದಿನಕ್ಕೆ 12 ಗಂಟೆ ತಿರುಗಿದರೆ ಒಂದೇ ಫ್ಯಾನಿನಲ್ಲಿ ತಿಂಗಳಿಗೆ ಸುಮಾರು 16 ಯೂನಿಟ್ ಉಳಿಯುತ್ತದೆ. 2023ರ ಜನವರಿ 1ರಿಂದ ಸೀಲಿಂಗ್ ಫ್ಯಾನುಗಳಿಗೆ ವಿದ್ಯುತ್ ಮಿತವ್ಯಯದ ನಕ್ಷತ್ರಗಳ ಚೀಟಿ ಕಡ್ಡಾಯವೂ ಆಗಿದೆ. ಇದು ಒಳ್ಳೆಯದೇ. ಆದರೆ ಹೊಸ ಫ್ಯಾನಿನಲ್ಲಿ ಎರಡನೆಯ ಕೈಯ ಕೆಲಸವನ್ನು ಕಂಡೆನ್ಸರಿನ ಬದಲು ಒಂದು ಎಲೆಕ್ಟ್ರಾನಿಕ್ ಹಲಗೆ ಮಾಡುತ್ತದೆ. ಅದು ಕೆಟ್ಟರೆ ಗುಂಯ್ ಎನ್ನುವುದಿಲ್ಲ, ನೂಕಿದರೂ ತಿರುಗುವುದಿಲ್ಲ. ಹಲಗೆಯೊಳಗೆ ಏನು ಸುಟ್ಟಿದೆ ಎಂದು ನೋಡುವವರು ತಾಲ್ಲೂಕು ಪೇಟೆಯಲ್ಲಿ ಇನ್ನೂ ಕಡಿಮೆ. ಹಲಗೆಯನ್ನೇ ಬದಲಿಸಬೇಕು, ಅದೇ ಮಾದರಿಯದು ಸಿಗಬೇಕು. ಕೊಳ್ಳುವಾಗ ಎಷ್ಟು ವಾಟ್ ಎಂದು ಕೇಳುವುದರ ಜೊತೆಗೆ ಕೆಟ್ಟರೆ ಹಲಗೆ ಎಲ್ಲಿ ಸಿಗುತ್ತದೆ, ಎಷ್ಟಾಗುತ್ತದೆ ಎಂದೂ ಕೇಳಬೇಕು. ವೈಂಡಿಂಗ್ ಅಂಗಡಿಯವರಿಗೆ ಈ ಹಲಗೆಯ ರಿಪೇರಿ ಕಲಿಸುವ ಏರ್ಪಾಟು ಐ.ಟಿ.ಐ.ಗಳಲ್ಲಿ ವ್ಯಾಪಕವಾಗಿ ಆದರೆ ಕರೆಂಟಿನ ಉಳಿತಾಯಕ್ಕೆ ಕೈಕಸುಬಿನ ಉಳಿವೂ ಸೇರಿಕೊಳ್ಳುತ್ತದೆ.

ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಅದು ಮೈಯ ಬೆವರನ್ನು ಆರಿಸುತ್ತದೆ, ಅದರಿಂದ ಮೈಗೆ ತಂಪು. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನು ಯಾರಿಗೂ ಉಪಕಾರ ಮಾಡುತ್ತಿಲ್ಲ. ಪಂಖದ ಕಾಲದಲ್ಲಿ ಈ ದುಂದಿನ ಬೆಲೆಯನ್ನು ಜಗಲಿಯಲ್ಲಿ ಕುಳಿತವನ ತೋಳು ತೆರುತ್ತಿತ್ತು. ಈಗ ನದಿಯ ನೀರೋ ರಾಯಚೂರಿನ ಶಾಖೋತ್ಪನ್ನ ಕೇಂದ್ರದಲ್ಲಿ ಉರಿಯುವ ಕಲ್ಲಿದ್ದಲೋ ತೆರುತ್ತದೆ. ಬೀಸುವವರು ಕಣ್ಣಿಗೆ ಕಾಣದಿರುವುದು ಮಾತ್ರ ಆಗಿನಂತೆಯೇ ಇದೆ.

ಆದ್ದರಿಂದ ಈ ಬೇಸಿಗೆಯಲ್ಲಿ ಫ್ಯಾನು ನಿಂತರೆ ಮೊದಲು ಸ್ವಿಚ್ಚು ಆರಿಸಿ. ಸದ್ದಿತ್ತೇ, ಇರಲಿಲ್ಲವೇ ಎಂದು ನೆನಪು ಮಾಡಿಕೊಳ್ಳಿ. ರೆಕ್ಕೆ ಕೈಗೆ ಸರಾಗವೇ, ಬಿಗಿಯೇ ನೋಡಿ. ಇಷ್ಟನ್ನು ಹೇಳಿದರೆ ಎಲೆಕ್ಟ್ರಿಷಿಯನ್ನನ ಅರ್ಧ ಕೆಲಸ ಮುಗಿದಂತೆ. ಅವನು ಒಂದು ದಿನ ತಡವಾಗಿ ಬಂದರೆ ಆ ರಾತ್ರಿಯ ಮಟ್ಟಿಗೆ ತಾಳೆಗರಿಯ ಬೀಸಣಿಗೆ ತೆಗೆದು ನಾವೇ ಬೀಸಿಕೊಳ್ಳೋಣ. ಒಂದು ಗಂಟೆ ಬೀಸಿಕೊಂಡರೆ ಹಗ್ಗದ ಆಚೆ ತುದಿಯಲ್ಲಿದ್ದವನಿಗೆ ಯಾಕೆ ತೂಕಡಿಕೆ ಬರುತ್ತಿತ್ತು ಎಂಬುದೂ ತಿಳಿಯುತ್ತದೆ.